ಗ್ರ್ಯಾಂಡ್ ಕ್ಯಾನ್ಯನ್ ಅಂಚಿನ ಹಳೆಯ ಸ್ಮಶಾನ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಕೊಲರಾಡೊ ನದಿ ಕೊರೆದ ಮಹಾಕಮರಿಯೇ ಗ್ರ್ಯಾಂಡ್ ಕ್ಯಾನ್ಯನ್. ಈ ರಾಷ್ಟ್ರೀಯ ಉದ್ಯಾನದ ದಕ್ಷಿಣ ಅಂಚಿನ ಊರಿನಲ್ಲಿ, ಪೈನ್ ಮರಗಳ ನಡುವೆ, 'ಪಯೊನಿಯರ್ ಸೆಮೆಟ್ರಿ' ಎಂಬ ಸ್ಮಶಾನವಿದೆ. ಪಯೊನಿಯರ್ ಎಂದರೆ ಮೊದಲಾಗಿ ಬಂದು ನೆಲೆಸಿದವರು.

ಇಲ್ಲಿ ಮೊದಲು ಮಣ್ಣಾದವರು ಜಾನ್ ಹ್ಯಾನ್ಸ್. 1880ರ ದಶಕದಲ್ಲಿ ಬಂದು ದಕ್ಷಿಣ ಅಂಚಿನಲ್ಲಿ ನೆಲೆಸಿದ ಮೊದಲ ಬಿಳಿಯ ಇವರೆಂದು ಹೇಳಲಾಗುತ್ತದೆ. ಕಲ್ನಾರು ಗಣಿಗಿಂತ ಪ್ರವಾಸಿಗರಿಗೆ ದಾರಿ ತೋರಿಸುವುದೇ ಲಾಭದ್ದೆಂದು ಕಂಡುಕೊಂಡರು. ಈ ಕಮರಿಯನ್ನು ತೋಡಿದ್ದು ತಾನೇ ಎಂದು ಬೊಗಳೆ ಬಿಟ್ಟು ನಗಿಸುತ್ತಿದ್ದರು. ಅವರು ತೀರಿಕೊಂಡದ್ದು 1919ರ ಜನವರಿಯಲ್ಲಿ. ಉದ್ಯಾನ ಘೋಷಣೆಯಾದದ್ದು ಅದೇ ವರ್ಷ ಫೆಬ್ರವರಿ 26ರಂದು. ಹೀಗೆ ಉದ್ಯಾನಕ್ಕಿಂತ ಅದರೊಳಗಿನ ಮೊದಲ ಸಮಾಧಿಯೇ ಹಳೆಯದು. ಸ್ಮಶಾನವನ್ನು ವಿಧಿವತ್ತಾಗಿ ಅರ್ಪಿಸಿದ್ದು 1928ರಲ್ಲಿ.

ಅಂಚಿನ ಮೇಲೆ ಫೋಟೋ ಸ್ಟುಡಿಯೋ ನಡೆಸಿದ ಕೋಲ್ಬ್ ಸಹೋದರರು, ಕಮರಿಯ ಚಿತ್ರ ಬರೆದ ಸ್ವೀಡನ್ನಿನ ಗುನ್ನಾರ್ ವಿಡ್‌ಫೋರ್ಸ್ ಇಲ್ಲಿದ್ದಾರೆ. ಬ್ರೈಟ್ ಏಂಜೆಲ್ ದಾರಿಗೆ ಸುಂಕ ವಸೂಲಿ ಮಾಡುತ್ತ, ಸೆನೆಟರ್ ಆಗಿ ಉದ್ಯಾನದ ಆಡಳಿತದೊಡನೆ ಜಗಳವಾಡಿದ ರಾಲ್ಫ್ ಕ್ಯಾಮೆರಾನ್ ಕೂಡ 1953ರಲ್ಲಿ ಇದೇ ಮಣ್ಣು ಸೇರಿದರು.

1956ರ ಜೂನ್ 30ರಂದು ಕಮರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 128 ಜನ ಸತ್ತರು. ಯುನೈಟೆಡ್ ವಿಮಾನದಲ್ಲಿದ್ದು ಗುರುತು ಸಿಗದೆ ಉಳಿದ 29 ಮಂದಿಯನ್ನು ಇಲ್ಲಿ ಒಟ್ಟಿಗೆ ಹೂಳಿ ಸ್ಮಾರಕ ನಿಲ್ಲಿಸಲಾಗಿದೆ. ಈ ದುರಂತದ ನಂತರವೇ ಅಮೆರಿಕ ವಿಮಾನ ಸಂಚಾರ ನಿಯಂತ್ರಣವನ್ನು ಬಿಗಿಗೊಳಿಸಿ 1958ರಲ್ಲಿ ಅದಕ್ಕಾಗಿ ಪ್ರತ್ಯೇಕ ಸಂಸ್ಥೆ ರಚಿಸಿತು.

ಇಲ್ಲಿ ಜಾಗ ಸಿಗಲು ಹಣ, ಹುದ್ದೆ ಸಾಲುತ್ತಿರಲಿಲ್ಲ. ಕನಿಷ್ಠ ಮೂರು ವರ್ಷ ಇಲ್ಲಿ ಬಾಳಿರಬೇಕು, ಇಲ್ಲವೇ ಕಮರಿಯ ಬಗ್ಗೆ ಜನರ ತಿಳಿವಳಿಕೆಗೆ ದೊಡ್ಡ ಕೊಡುಗೆ ನೀಡಿರಬೇಕು ಎಂಬುದು ನಿಯಮವಾಗಿತ್ತು. ಹಾಗಾಗಿ ಹೆಸರಾಂತರ ಪಕ್ಕದಲ್ಲೇ ಉದ್ಯಾನದ ನೌಕರರೂ ಅವರ ಮಕ್ಕಳೂ ಮಲಗಿದ್ದಾರೆ. ಜಾಗ ಮುಗಿದದ್ದರಿಂದ 2017ರಲ್ಲಿ ಹೊಸ ಸಮಾಧಿಗಳಿಗೆ ಅವಕಾಶ ನಿಲ್ಲಿಸಲಾಯಿತು.

ಆದರೆ 'ಮೊದಲಾಗಿ ಬಂದವರು' ಎಂಬ ಹೆಸರನ್ನು ತುಸು ಎಚ್ಚರದಿಂದ ಓದಬೇಕು. ಬಿಳಿಯರಿಗಿಂತ ಶತಮಾನಗಳ ಮುಂಚೆಯೇ ಹವಾಸುಪೈ ಜನ ಈ ಕಮರಿಯಲ್ಲಿ ಮೆಕ್ಕೆಜೋಳ, ಬೀನ್ಸ್ ಬೆಳೆದು ಬದುಕಿದ್ದರು. ಸ್ಮಶಾನ ಅರ್ಪಣೆಯಾದ 1928ರಲ್ಲೇ ಉದ್ಯಾನದ ಆಡಳಿತ ಕಮರಿಯೊಳಗಿನ 'ಇಂಡಿಯನ್ ಗಾರ್ಡನ್'ನಿಂದ ಅವರ ಕೊನೆಯ ನಿವಾಸಿಗಳನ್ನು ಹೊರಹಾಕಿತು. ಆ ತೋಟಕ್ಕೆ 'ಹವಾಸುಪೈ ಗಾರ್ಡನ್ಸ್' ಎಂಬ ಹೆಸರು ಸಿಕ್ಕಿದ್ದು 2022ರಲ್ಲಿ. ಬಂದು ನೆಲೆಸಿದವರಿಗೆ ಈ ಅಂಚಿನಲ್ಲಿ ಕಲ್ಲು ನೆಟ್ಟು ನೆನಪಿಡಲಾಯಿತು. ಮೊದಲೇ ಇದ್ದವರ ಹೆಸರು ಮರಳಲು 94 ವರ್ಷ ಹಿಡಿಯಿತು.