ಕೊಲ್ಲೋಕೆ ಅನುಮತಿ ಸಿಕ್ಕಿತು, ಹೇಗೆ ಕೊಲ್ಲಬೇಕು ಅಂತ ಹೇಳಿದವರು ಯಾರು?

ಕಾಡುಹಂದಿ, ನೀಲ್ಗಾಯ್ ಹಾವಳಿಯ ಮಾತು ಬಂದ ಕೂಡಲೇ ನಮ್ಮಲ್ಲಿ ಎರಡು ಬಣ ಆಗುತ್ತೆ. ಕೊಲ್ಲಿ ಅನ್ನೋರು, ಕೊಲ್ಲಬೇಡಿ ಅನ್ನೋರು. 2016ರಲ್ಲಿ ಬಿಹಾರದ ಮೊಕಾಮಾದಲ್ಲಿ 200ಕ್ಕೂ ಹೆಚ್ಚು ನೀಲ್ಗಾಯ್‌ಗಳನ್ನು ಹೊಡೆದಾಗ ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಇಬ್ಬರು ಕೇಂದ್ರ ಸಚಿವರೇ ಬಹಿರಂಗವಾಗಿ ಕಿತ್ತಾಡಿದರು. ಹೊಡೆಯೋರ ಕೈಲಿ ಯಾವ ಕೋವಿ ಇರಬೇಕು, ಅವರ ಗುರಿಯನ್ನು ಪರೀಕ್ಷೆ ಮಾಡಿದ್ದು ಯಾರು, ಗಾಯಗೊಂಡು ಓಡಿದ ಪ್ರಾಣಿಯನ್ನು ಹುಡುಕೋರು ಯಾರು ಅನ್ನೋ ಪ್ರಶ್ನೆಗಳು ಆ ಗದ್ದಲದಲ್ಲಿ ಮುಳುಗಿಹೋದವು. 2019ರಲ್ಲಿ ಅದೇ ರಾಜ್ಯದ ವೈಶಾಲಿಯಿಂದ ಒಂದು ವಿಡಿಯೊ ಬಂತು. ಗುಂಡೇಟು ತಿಂದು ಇನ್ನೂ ಜೀವವಿದ್ದ ನೀಲ್ಗಾಯನ್ನು ಜೆಸಿಬಿ ಗುಂಡಿಗೆ ತಳ್ಳಿ ಮಣ್ಣು ಮುಚ್ಚುತ್ತಿತ್ತು.

ನಾನಿಲ್ಲಿ ಬೇಟೆಯ ಪರ ವಕಾಲತ್ತು ಮಾಡ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶೋಕಿ ಬೇಟೆಗೆ ಬಾಗಿಲು ಮುಚ್ಚಿದ್ದು ಸರಿಯಾಗಿಯೇ ಇದೆ. ಆದರೆ ಸರ್ಕಾರವೇ ಹೊಡೆಯಿರಿ ಅಂದಾಗ, ಆ ಸಾವು ಹೇಗಾಯ್ತು ಅನ್ನೋದಕ್ಕೂ ಸರ್ಕಾರವೇ ಉತ್ತರ ಕೊಡಬೇಕು.

ಮೊದಲು ದೇಹದ ಲೆಕ್ಕ ನೋಡೋಣ. ಗುಂಡು ಬಿದ್ದ ಜಾಗದಲ್ಲೇ ಪ್ರಾಣಿ ದೊಪ್ಪನೆ ಬೀಳೋದು ಹೆಚ್ಚಾಗಿ ಸಿನಿಮಾದಲ್ಲಿ. ಎದೆಗೆ ಬಿದ್ದ ಗುಂಡು ರಕ್ತ ಸೋರಿಸಿ, ಮೆದುಳಿಗೆ ರಕ್ತ ಹೋಗದ ಹಾಗೆ ಮಾಡಿ ಕೊಲ್ಲುತ್ತದೆ. ಅದಕ್ಕೇ ಜವಾಬ್ದಾರಿಯುತ ಬೇಟೆಗಾರರು ಪ್ರಾಣಿ ಅಡ್ಡಲಾಗಿ ನಿಲ್ಲೋವರೆಗೆ ಕಾದು, ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶ ಇರುವ ಜಾಗಕ್ಕೆ ಗುರಿಯಿಡುತ್ತಾರೆ. ಹೃದಯಕ್ಕೇ ಬಿದ್ದರೂ ಜಿಂಕೆ ಹತ್ತಾರು ಮೀಟರ್ ಓಡಬಲ್ಲದು. ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ನರಳಾಟ. 'ನಾನು ತಲೆಗೇ ಹೊಡೀತೀನಿ' ಅನ್ನೋರ ಮಾತು ಕೇಳೋಕೆ ಚೆಂದ, ಅಷ್ಟೇ. ಮೆದುಳು ಚಿಕ್ಕದು, ತಲೆ ಸದಾ ಅಲ್ಲಾಡುತ್ತಿರುತ್ತೆ. ಸ್ವಲ್ಪ ತಪ್ಪಿದರೆ ದವಡೆ ಒಡೆದ ಪ್ರಾಣಿ ಮೇಯಲಾಗದೆ ಹಸಿದು ಸಾಯುತ್ತೆ.

ದೊಡ್ಡ ಕೋವಿ ತಂದರೆ ಇದೆಲ್ಲ ಬಗೆಹರಿಯಲ್ಲ. ಕರಮೋಜೊ ಬೆಲ್ ಅಂತಲೇ ಹೆಸರಾದ ಡಬ್ಲ್ಯು. ಡಿ. ಎಂ. ಬೆಲ್ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಹೊಡೆದ. ಅದರಲ್ಲಿ ಬಹಳಷ್ಟು 7 ಮಿ.ಮೀ.ನ ಸಣ್ಣ ರೈಫಲ್‌ನಿಂದ. ಆನೆಯ ತಲೆಬುರುಡೆಯ ರಚನೆ ಅವನಿಗೆ ಅಷ್ಟು ಗೊತ್ತಿತ್ತು. (ದಂತಕ್ಕಾಗಿ ಮಾಡಿದ ಆ ಕೊಲೆಗಳನ್ನು ನಾನು ಮೆಚ್ಚುತ್ತಿಲ್ಲ.) ಅವನಷ್ಟು ಪಳಗಿದ ಕೈ ಎಲ್ಲರಿಗೂ ಇರಲ್ಲ ಅಂತಲೇ ಕಾನೂನು ಕನಿಷ್ಠ ಮಿತಿ ಇಡಬೇಕಾಗುತ್ತದೆ.

ಜರ್ಮನಿ ಹಾಗೆ ಇಟ್ಟಿದೆ. ಅಲ್ಲಿ ಕೆಂಜಿಂಕೆ, ಕಾಡುಹಂದಿಯಂಥ ಪ್ರಾಣಿಗೆ ಗುಂಡಿನ ವ್ಯಾಸ ಕನಿಷ್ಠ 6.5 ಮಿ.ಮೀ. ಇರಬೇಕು, 100 ಮೀಟರ್ ದೂರದಲ್ಲಿ ಅದರ ಶಕ್ತಿ 2,000 ಜೂಲ್‌ಗಿಂತ ಕಡಿಮೆ ಇರಬಾರದು. ನಾರ್ವೆಯಲ್ಲಿ ದೊಡ್ಡ ಪ್ರಾಣಿ ಬೇಟೆಗೆ ಹೋಗೋರು ಪ್ರತಿ ವರ್ಷ ಗುರಿ ಪರೀಕ್ಷೆ ಪಾಸಾಗಲೇಬೇಕು. ಹಿಂದಿನ ವರ್ಷದ ಪಾಸು ನಡೆಯಲ್ಲ. ಗಾಯಗೊಂಡ ಪ್ರಾಣಿಯ ಜಾಡು ಹಿಡಿಯೋಕೆ ತರಬೇತಾದ ನಾಯಿಯ ವ್ಯವಸ್ಥೆಯನ್ನೂ ಮೊದಲೇ ಮಾಡಿಕೊಂಡಿರಬೇಕು. ಇಂಗ್ಲೆಂಡಿನಲ್ಲಿ ಜಿಂಕೆಗೆ ರೈಫಲ್ ಬಳಸಿದರೆ, ದೇಹದೊಳಗೆ ಹೋಗಿ ಅರಳುವ ಗುಂಡೇ ಆಗಬೇಕು. ಅರಳದ ಗುಂಡು ಸಣ್ಣ ತೂತು ಕೊರೆದು ಆಚೆ ಹೋಗಿಬಿಡಬಹುದು, ಪ್ರಾಣಿ ಓಡುತ್ತಲೇ ಇರುತ್ತೆ.

ನಮ್ಮಲ್ಲಿ? ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಯಾರು ಅನುಮತಿ ಕೊಡಬಹುದು, ಯಾವ ಕಾರಣಕ್ಕೆ ಅಂತ ಹೇಳುತ್ತೆ. ಹುಲಿ, ಆನೆಯಂಥ ಒಂದನೇ ಪಟ್ಟಿಯ ಪ್ರಾಣಿಯನ್ನು ಹಿಡಿಯುವಾಗ, ಸಾಗಿಸುವಾಗ ಆದಷ್ಟು ಕಡಿಮೆ ಆಘಾತವಾಗಲಿ ಅಂತಲೂ ಬರೆದಿದೆ. ಗುಂಡು ಹೊಡೆಯೋದು ಹೇಗೆ ಅನ್ನೋದು ಆ ಸೆಕ್ಷನ್‌ನಲ್ಲಿಲ್ಲ.

ಇನ್ನು ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ನೋಡಿ. ಬೆಳೆ ರಕ್ಷಣೆಗೆ ಅಂತ ಅದು ಹೆಸರಿಸೋದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಒಂದು ಹೊಡೆತ ಆದರೆ ಮತ್ತೆ ಮದ್ದು ಜಡಿದು ಗುಂಡು ಹಾಕೋಷ್ಟರಲ್ಲಿ ಗಾಯಗೊಂಡ ಹಂದಿ ಕಾಫಿ ತೋಟ ದಾಟಿರುತ್ತೆ. ಹನ್ನೆರಡು ಬೋರಿನ ತೋಟಾ ಕೋವಿಯೂ ಅಷ್ಟಕ್ಕಷ್ಟೇ. ದಪ್ಪ ಚರೆಯ ತೋಟಾ ಹತ್ತಿರದಲ್ಲಿ ಕೆಲಸ ಮಾಡುತ್ತೆ. ದೂರ ಹೋದಂತೆ ಚರೆ ಹರಡಿ, ಒಂದೆರಡು ಮಾತ್ರ ತಗುಲಿ, ಪ್ರಾಣಿ ಸಾಯದೆ ಕೊಳೆಯುವ ಗಾಯ ಹೊತ್ತು ತಿರುಗುತ್ತೆ. ರೈತನ ಕ್ರೌರ್ಯ ಅಂತ ಬೈಯೋ ನಗರದ ಮಂದಿ ಇದನ್ನ ಗಮನಿಸಬೇಕು. ಅವನ ಕೈಗೆ ಆ ಕೋವಿ ಬಂದಿದ್ದು ಕಾನೂನಿನ ದಾರಿಯಲ್ಲೇ.

ಅರೆಬರೆ ಹೊಡೆತದ ಬೆಲೆಯನ್ನು ಪ್ರಾಣಿ ಮಾತ್ರ ತೆರೋದಿಲ್ಲ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನು ಓದಿದೋರಿಗೆ ಇದು ಹೊಸದಲ್ಲ. 1907ರಲ್ಲಿ ಜಿಮ್ ಕಾರ್ಬೆಟ್ ಹೊಡೆದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಕೊಂದಿತ್ತು ಅನ್ನೋದು ಆಗಿನ ಲೆಕ್ಕ. ಅದರ ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ದವು. ಯಾರದ್ದೋ ಹಳೆಯ ಗುಂಡೇಟಿನಿಂದ ಹಾಗಾಗಿದ್ದು, ಸಹಜ ಬೇಟೆ ಆಡಲಾಗದೆ ಅದು ಮನುಷ್ಯರ ಮೇಲೆ ಬಿತ್ತು ಅಂತ ಕಾರ್ಬೆಟ್ ಬರೆದ.

2022ರಲ್ಲಿ ಕೇರಳ ಕಾಡುಹಂದಿ ಕೊಲ್ಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಾಗ ವಿಷ, ಸ್ಫೋಟಕ, ವಿದ್ಯುತ್ ಬಳಸಬಾರದು ಅಂತ ಷರತ್ತು ಹಾಕಿತು. ಅದು ಮೊದಲ ಹೆಜ್ಜೆ. ಎಷ್ಟು ದೂರದಿಂದ, ಯಾವ ತೋಟಾದಿಂದ ಅಂತಲೂ ಅನುಮತಿ ಪತ್ರದಲ್ಲೇ ಬರೆಯಬಹುದು. ವರ್ಷಕ್ಕೊಮ್ಮೆ ಗುರಿ ಪರೀಕ್ಷೆ ಪಾಸಾದವರ ತಂಡ ತಾಲೂಕಿಗೊಂದು ಇರಲಿ, ಖರ್ಚು ಅರಣ್ಯ ಇಲಾಖೆಯದ್ದು. ಹೊಡೆದದ್ದೆಷ್ಟು, ಸಿಕ್ಕಿದ್ದೆಷ್ಟು, ಗಾಯಗೊಂಡು ತಪ್ಪಿಸಿಕೊಂಡದ್ದೆಷ್ಟು ಅಂತ ಪ್ರತಿ ತಿಂಗಳು ಪಂಚಾಯಿತಿ ಬೋರ್ಡಿನಲ್ಲಿ ಹಾಕಲಿ. ಆ ಮೂರನೇ ಅಂಕಿಯನ್ನು ಮುಂದಿನ ಗ್ರಾಮಸಭೆಯಲ್ಲಿ ನೀವೇ ಕೇಳಿ ನೋಡಿ.