ಸ್ನಾನಗೃಹದ ಟೈಲ್ಸ್ ಕೆಲಸದ ಗುಣಮಟ್ಟ ಪರೀಕ್ಷೆ

ಸ್ನಾನಗೃಹದ ಟೈಲ್ಸ್ ಕೆಲಸದ ಗುಣಮಟ್ಟ ಪರೀಕ್ಷೆ ಎಂದರೆ ಬಚ್ಚಲುಮನೆಯ ನೆಲ ಮತ್ತು ಗೋಡೆಗಳಿಗೆ ಗುತ್ತಿಗೆದಾರರು ಕೂರಿಸಿದ ಟೈಲ್ಸ್‌ಗಳ ಮಟ್ಟ, ಹಿಡಿತ, ಸಂದು ಹಾಗೂ ಇಳಿಜಾರನ್ನು ಪರಿಶೀಲಿಸುವ ಕ್ರಮ. ಟೈಲ್ಸ್‌ಗಳ ನಡುವಿನ ಸಿಮೆಂಟ್ ಗ್ರೌಟ್ ನೀರನ್ನು ಸಂಪೂರ್ಣವಾಗಿ ತಡೆಯುವುದಿಲ್ಲ. ಆ ಕೆಲಸ ಅಡಿಯಲ್ಲಿರುವ ಜಲನಿರೋಧಕ ಲೇಪನದ್ದು. ಆದ್ದರಿಂದ ಹೊರನೋಟದಿಂದಷ್ಟೇ ಗುಣಮಟ್ಟವನ್ನು ನಿರ್ಣಯಿಸಲಾಗದು. ಕೆಲಸದ ಮೊದಲು, ನಡುವೆ ಮತ್ತು ನಂತರ ಪರೀಕ್ಷೆ ಅಗತ್ಯ.

ಕೂರಿಸುವ ಮೊದಲು

ಜಲನಿರೋಧಕ ಲೇಪನವು ನೆಲದಿಂದ ಗೋಡೆಯ ಮೇಲಕ್ಕೂ ಏರಿರಬೇಕು. ಪೈಪುಗಳು ನೆಲವನ್ನು ಹಾಯುವ ಜಾಗ ಮತ್ತು ನೆಲ–ಗೋಡೆ ಕೂಡುವ ಮೂಲೆಗಳಲ್ಲಿ ಸೋರಿಕೆಯ ಸಾಧ್ಯತೆ ಹೆಚ್ಚು. ಲೇಪನ ಒಣಗಿದ ಬಳಿಕ ನೀರು ಹೋಗುವ ಕಿಂಡಿಯನ್ನು ಮುಚ್ಚಿ, ಕನಿಷ್ಠ 24 ಗಂಟೆ ನೀರು ನಿಲ್ಲಿಸಿ, ಕೆಳಗಿನ ಚಾವಣಿಯಲ್ಲಿ ತೇವ ಕಾಣುತ್ತದೆಯೇ ಎಂದು ನೋಡಲಾಗುತ್ತದೆ. ಈ ಹಂತವನ್ನು ಬಿಟ್ಟರೆ, ಮುಂದೆ ಸೋರಿಕೆ ಕಂಡಾಗ ಟೈಲ್ಸ್ ಒಡೆಯದೆ ದುರಸ್ತಿ ಮಾಡುವುದು ಕಷ್ಟ.

ಭಾರತದಲ್ಲಿ ಸೆರಾಮಿಕ್ ಟೈಲ್ಸ್‌ಗೆ ಐಎಸ್ 15622, ಅಂಟಿಗೆ ಐಎಸ್ 15477 ಮಾನಕಗಳಿವೆ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚಿರುವುದಿಲ್ಲ, ಸಾಮಾನ್ಯ ಗೋಡೆ ಟೈಲ್ಸ್ ಶೇ. 10ಕ್ಕಿಂತ ಹೆಚ್ಚು ಹೀರುತ್ತದೆ. ಗೋಡೆಯ ಟೈಲ್ಸ್ ಅನ್ನು ನೆಲಕ್ಕೆ ಬಳಸುವುದು ದೋಷವೆನಿಸುತ್ತದೆ.

ಕೂರಿಸುವಾಗ

ನೀರು ಹೀರದ ವಿಟ್ರಿಫೈಡ್ ಟೈಲ್ಸ್‌ಗೆ ಬರಿಯ ಸಿಮೆಂಟ್ ಹಾಲಿನ ಹಿಡಿತ ಸಾಲದು. ಪಾಲಿಮರ್ ಬೆರೆತ ಅಂಟು ಬೇಕು. ಹಲ್ಲಿನ ಕರಣೆಯಿಂದ ಅಂಟನ್ನು ಎಲ್ಲೆಡೆ ಹರಡುವುದು ಸರಿಯಾದ ವಿಧಾನ. ನಾಲ್ಕು ಮೂಲೆಗೂ ನಡುವಿಗೂ ಉಂಡೆಗಳನ್ನಿಟ್ಟು ಒತ್ತಿದರೆ ಒಳಗೆ ಟೊಳ್ಳು ಉಳಿಯುತ್ತದೆ. ಆಗತಾನೇ ಕೂರಿಸಿದ ಒಂದು ಟೈಲ್ ಅನ್ನು ಎತ್ತಿ ಬೆನ್ನು ನೋಡುವುದು ನಂಬಲರ್ಹ ಪರೀಕ್ಷೆ. ಅಮೆರಿಕದ ಎಎನ್‌ಎಸ್‌ಐ ಎ108 ಮಾನಕವು ತೇವದ ಜಾಗಗಳಲ್ಲಿ ಶೇ. 95ರಷ್ಟು ಭಾಗಕ್ಕೆ ಅಂಟು ತಾಗಿರಬೇಕೆನ್ನುತ್ತದೆ.

ಮುಗಿದ ನಂತರ

ಇಳಿಜಾರು: ಮೇಸ್ತ್ರಿಗಳು ‘ವಾಟ’ ಎನ್ನುವ ಇದು ಸಾಮಾನ್ಯವಾಗಿ ಮೀಟರಿಗೆ 10ರಿಂದ 20 ಮಿ.ಮೀ. ಒಂದು ಬಕೆಟ್ ನೀರು ಸುರಿದಾಗ ಎಲ್ಲಿಯೂ ನಿಲ್ಲದೆ ಕಿಂಡಿಯತ್ತ ಹರಿಯಬೇಕು. ನಿಂತ ನೀರು ಪಾಚಿಗೂ ಜಾರಿಬೀಳುವುದಕ್ಕೂ ಕಾರಣವಾಗುತ್ತದೆ.

ಮಟ್ಟ: ಗೋಡೆಯನ್ನು ತೂಗುಗುಂಡು ಮತ್ತು ರಸಮಟ್ಟದಿಂದ ಪರೀಕ್ಷಿಸಲಾಗುತ್ತದೆ. ಬ್ರಿಟಿಷ್ ಮಾನಕ ಬಿಎಸ್ 5385ರ ಪ್ರಕಾರ 2 ಮೀಟರ್ ನೇರಪಟ್ಟಿಯಡಿ ಏರಿಳಿತ 3 ಮಿ.ಮೀ. ಮೀರಬಾರದು.

ಸದ್ದು: ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಂಟು ತಾಗಿಲ್ಲದಿರಬಹುದು. ಆದರೆ ಸದ್ದೊಂದೇ ಅಂತಿಮ ಸಾಕ್ಷ್ಯವಲ್ಲ. ಟೈಲ್ಸ್‌ನ ಅಂಚುಗಳಲ್ಲಿ ಅಥವಾ ಅಕ್ಕಪಕ್ಕದ ಹಲವು ಟೈಲ್ಸ್‌ಗಳಲ್ಲಿ ಟೊಳ್ಳು ಕೇಳಿಬಂದರೆ ಅದು ಗಂಭೀರ.

ಸಂದು: ಅಗಲ ಒಂದೇ ಸಮನಾಗಿದ್ದು ಗ್ರೌಟ್ ಪೂರ್ತಿ ತುಂಬಿರಬೇಕು. ಗೋಡೆಗಳು ಕೂಡುವ ಮೂಲೆಗಳಲ್ಲಿ ಗ್ರೌಟ್ ಬದಲು ಸಿಲಿಕೋನ್‌ನಂತಹ ಬಾಗುವ ವಸ್ತುವನ್ನು ತುಂಬಬೇಕು. ಅಲ್ಲಿ ಗಟ್ಟಿ ಗ್ರೌಟ್ ಬಿರುಕು ಬಿಡುತ್ತದೆ.

ದೋಷಗಳ ವರ್ಗೀಕರಣ

ತುಂಡು ಟೈಲ್ಸ್ ಎದ್ದುಕಾಣುವುದು, ಛಾಯೆಯಲ್ಲಿನ ಸಣ್ಣ ವ್ಯತ್ಯಾಸ ಮೊದಲಾದವು ಅಂದಕ್ಕೆ ಸಂಬಂಧಿಸಿದ ದೋಷಗಳು. ತಪ್ಪಾದ ಇಳಿಜಾರು, ಸೋರಿಕೆ ಮತ್ತು ಬಿಟ್ಟುಕೊಂಡ ಟೈಲ್ಸ್ ಮೂಲದ ದೋಷಗಳು. ಇವುಗಳಿಗೆ ಮೇಲಿನಿಂದ ಗ್ರೌಟ್ ಬಳಿಯುವುದು ಪರಿಹಾರವಲ್ಲ. ಕಿತ್ತು ಮತ್ತೆ ಕೂರಿಸಬೇಕಾಗುತ್ತದೆ. ಒಪ್ಪಂದದಲ್ಲಿ ಈ ಪರೀಕ್ಷೆಗಳನ್ನು ಮೊದಲೇ ಬರೆದು, ಹಣದ ಕೊನೆಯ ಕಂತನ್ನು ಅವುಗಳಿಗೆ ಜೋಡಿಸಿದರೆ ಮನೆಯ ಮಾಲೀಕರಿಗೂ ಗುತ್ತಿಗೆದಾರರಿಗೂ ವಿವಾದ ತಪ್ಪುತ್ತದೆ.