ತಾಲ್: ಒಂದು ಉಚ್ಚಾರ, ಎರಡು ಚರಿತ್ರೆ

ವೆಲ್ಶ್ ಭಾಷೆಯಲ್ಲಿ 'ತಾಲ್' ಎಂದರೆ ಸಂದಾಯ, ತೆರಬೇಕಾದ ಹಣ. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್‌ನಲ್ಲಿ 'ತಾಲ್' ಎಂದರೆ ಭಾಷೆ. ಉಚ್ಚಾರ ಹೆಚ್ಚುಕಡಿಮೆ ಒಂದೇ. ಪದಗಳ ಬೆನ್ನು ಹತ್ತಿರುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಇಂಥ ಜೋಡಿ ಕಂಡಾಗ ನಂಟು ಹುಡುಕುವ ಆಸೆಯಾಗುತ್ತದೆ. ಆದರೆ ಇವೆರಡಕ್ಕೂ ನಂಟಿಲ್ಲ.

ಆಫ್ರಿಕಾನ್ಸ್‌ನ ಪದ ಡಚ್ಚಿನಿಂದ ಬಂದದ್ದು, ಜರ್ಮಾನಿಕ್ ಮೂಲದ್ದು. ಇಂಗ್ಲಿಷಿನ 'ಟೇಲ್' (ಕತೆ), 'ಟೆಲ್' (ಹೇಳು), ಜರ್ಮನ್ನಿನ 'ತ್ಸಾಲ್' (ಸಂಖ್ಯೆ) ಅದರ ದಾಯಾದಿಗಳು. ಹೇಳುವುದೂ ಎಣಿಸುವುದೂ ಒಂದೇ ಬೇರಿನಿಂದ ಹುಟ್ಟಿವೆ. ವೆಲ್ಶ್ ಕೆಲ್ಟಿಕ್ ಕುಟುಂಬದ ಭಾಷೆ. ಕನ್ನಡದ 'ಅರಸು' ದೊರೆಯೂ ಹೌದು, ಹುಡುಕುವುದೂ ಹೌದು. ಹಾಗೆಯೇ ವೆಲ್ಶ್‌ನ ಇನ್ನೊಂದು 'ತಾಲ್' ಹಣೆ ಅಥವಾ ತುದಿ. ಪ್ರಾಚೀನ ಕವಿ ತಲ್ಯೆಸಿನ್‌ನ ಹೆಸರಿಗೆ 'ಬೆಳಗುವ ಹಣೆಯವನು' ಎಂದರ್ಥ.

ಪದಗಳಿಗಿಲ್ಲದ ನಂಟು ಚರಿತ್ರೆಯಲ್ಲಿದೆ. ಎರಡೂ ಕಡೆ ಮಕ್ಕಳು ಭಾಷೆಗಾಗಿ ಬೆಲೆ ತೆತ್ತಿದ್ದಾರೆ.

ಹತ್ತೊಂಬತ್ತನೆಯ ಶತಮಾನದ ವೇಲ್ಸ್‌ನ ಹಲವು ಶಾಲೆಗಳಲ್ಲಿ ತಾಯ್ನುಡಿಯಾಡಿದ ಮಗುವಿನ ಕೊರಳಿಗೆ 'ವೆಲ್ಶ್ ನಾಟ್' ಎಂಬ ಮರದ ತುಂಡು ತೂಗುತ್ತಿತ್ತು. ಇನ್ನೊಬ್ಬರು ವೆಲ್ಶ್ ಆಡಿದರೆ ಅದು ಅವರ ಕೊರಳಿಗೆ. ಸಂಜೆ ಯಾರ ಬಳಿ ಉಳಿಯುತ್ತದೋ ಅವರಿಗೆ ಪೆಟ್ಟು. 1847ರಲ್ಲಿ ವೆಲ್ಶ್ ಬಾರದ ಮೂವರು ಆಯುಕ್ತರು ವೇಲ್ಸ್‌ನ ಶಿಕ್ಷಣದ ಬಗ್ಗೆ ವರದಿ ಬರೆದು, ಆ ಭಾಷೆಯೇ ಜನರ ಏಳಿಗೆಗೆ ಅಡ್ಡಿ ಎಂದರು.

ಆಫ್ರಿಕಾನ್ಸ್‌ನ ಕತೆ ಇನ್ನೂ ಜಟಿಲ. ಗುಲಾಮರು, ಸ್ಥಳೀಯ ಖೋಯಿ ಜನ, ಡಚ್ ವಲಸಿಗರು ಎಲ್ಲರ ಬಾಯಲ್ಲಿ ಬೆಳೆದ ಈ ನುಡಿಯನ್ನು 'ಅಡುಗೆಮನೆಯ ಭಾಷೆ' ಎಂದು ಹೀಯಾಳಿಸಲಾಗುತ್ತಿತ್ತು. ಕೇಪ್‌ನ ಮುಸ್ಲಿಮರು ಅದನ್ನು ಅರಬ್ಬಿ ಲಿಪಿಯಲ್ಲಿ ಬರೆದರು. 1925ರಲ್ಲಿ ಅದು ಅಧಿಕೃತ ಭಾಷೆಯಾಯಿತು; ಮುಂದೆ ವರ್ಣಭೇದದ ಸರ್ಕಾರದ ಕೈಗೆ ಬಂದಿತು. 1974ರಲ್ಲಿ ಕರಿಯ ಮಕ್ಕಳು ಗಣಿತ, ಸಮಾಜ ವಿಷಯಗಳನ್ನು ಆಫ್ರಿಕಾನ್ಸ್‌ನಲ್ಲೇ ಕಲಿಯಬೇಕೆಂಬ ಆದೇಶ ಬಂತು. 1975ರಲ್ಲಿ ಪಾರ್ಲ್ ಪಟ್ಟಣದ ಬೆಟ್ಟದ ಮೇಲೆ ಈ 'ತಾಲ್'ಗೆ ಸ್ಮಾರಕ ಎದ್ದಿತು. ಮರುವರ್ಷ, ಜೂನ್ 16ರಂದು, ಸೊವೆಟೊದಲ್ಲಿ ಆದೇಶದ ವಿರುದ್ಧ ಮೆರವಣಿಗೆ ಹೊರಟ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹನ್ನೆರಡು ವರ್ಷದ ಹೆಕ್ಟರ್ ಪೀಟರ್ಸನ್ ಸತ್ತ.

ಒಂದೆಡೆ ತಾಯ್ನುಡಿಯನ್ನು ಆಡಿದ್ದಕ್ಕೆ ಶಿಕ್ಷೆ, ಇನ್ನೊಂದೆಡೆ ತಮ್ಮದಲ್ಲದ ನುಡಿಯನ್ನು ಒಲ್ಲೆವೆಂದದ್ದಕ್ಕೆ. ಒಂದು ಕಾಲಕ್ಕೆ ಹೀಯಾಳಿಸಿಕೊಂಡ ಭಾಷೆಯೇ ಅಧಿಕಾರ ಸಿಕ್ಕಾಗ ಬೇರೆಯವರನ್ನು ದಂಡಿಸಬಲ್ಲದು. ಭಾಷಾಭಿಮಾನದ ಚರ್ಚೆಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆ ಇದು: ಈ 'ತಾಲ್' ಯಾರದು, ಅದರ 'ತಾಲ್' ತೆರುವವರು ಯಾರು?